ಎಂಟು ಲಕ್ಷದ ಒಲೆಯ ಸುದ್ದಿ

ಪೆನ್ಸಿಲ್ವೇನಿಯಾ
ಭಾನುವಾರ

ತೀರ್ಥರೂಪು ಅಪ್ಪಾಜಿಗೆ, ಅವ್ವನಿಗೆ ಬಸು ಮಾಡುವ ನಮಸ್ಕಾರಗಳು. ನಾವು ಮೂವರೂ ಕ್ಷೇಮ. ಗುಂಡನ ಕೆಮ್ಮು ಹೋಗಿದೆ.

ನಿಮ್ಮ ಪತ್ರವನ್ನು ಪುಟ್ಟಿ ಫೋಟೋ ತೆಗೆದು ಕಳಿಸಿದಳು. ಫೋನಿನಲ್ಲೇ ಉತ್ತರ ಹೇಳಬಹುದಿತ್ತು. ಆದರೆ ಅವ್ವ ಸ್ಪೀಕರ್ ಹಾಕುತ್ತಾಳೆ, ದೊಡ್ಡಕಾಕಾ ನಡುವೆ ಬಾಯಿ ಹಾಕುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಪುಟ್ಟಿ ಓದಲಿ, ಕಾಕಾ ಬೇಡ.

ಮೊದಲು ಮುಖ್ಯ ವಿಷಯ. ನಾನು ಎಂಟು ಲಕ್ಷದ ಒಲೆ ತೆಗೆದುಕೊಂಡಿಲ್ಲ. ಯಾವ ಒಲೆಯನ್ನೂ ಇನ್ನೂ ತೆಗೆದುಕೊಂಡಿಲ್ಲ. ಮನೆ ಗ್ರೂಪಿಗೆ ಹಾಕಿದ್ದು ಅಂಗಡಿಯಲ್ಲಿ ತೆಗೆದ ಫೋಟೋ. ಗುಂಡ ಒಲೆಯ ಕೆಂಪು ಗುಂಡಿ ತಿರುವುತ್ತಾ ನಿಂತಿದ್ದ, ಅವ್ವ ನೋಡಿ ನಗಲಿ ಅಂತ ಹಾಕಿದ್ದು. ಕಾಕಾ ಮೊಮ್ಮಗನನ್ನು ಬಿಟ್ಟು ಹಿಂದಿನ ಬೆಲೆ ಚೀಟಿಯನ್ನು ದೊಡ್ಡದು ಮಾಡಿ ನೋಡಿದ್ದಾರೆ. ಡಾಲರನ್ನು ರೂಪಾಯಿಗೆ ಲೆಕ್ಕ ಹಾಕಿದ್ದಾರೆ. ಅಲ್ಲಿಗೆ ಬಿಟ್ಟಿದ್ದರೂ ಚೆನ್ನಾಗಿತ್ತು. ಸುದ್ದಿ ಗಂಗಾವತಿಯ ಬೀಗರ ಮನೆ ಮುಟ್ಟಿ, "ಅಣ್ಣ ಎಂಟು ಲಕ್ಷದ ಒಲಿ ತಗೋತಾನಂತ, ತಂಗಿಗೆ ಒಂದು ಕಾರ್ ಕೊಡಾಕ ಏನಾಗೇತಿ" ಅನ್ನುವಲ್ಲಿಗೆ ಬಂದಿದೆ.

ಅವ್ವ ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ ಅಂತ ಬರೆದಿದ್ದೀರಿ. ಪುಟ್ಟಿಯ ಮದುವೆ ದುಡ್ಡು ಒಲೆಗೆ ಹೋಯಿತಾ ಅಂತ ಕೇಳಿದ್ದೀರಿ. ಇಲ್ಲ ಅಪ್ಪಾಜಿ. ಅದು ಕೊಪ್ಪಳದ ಬ್ಯಾಂಕಿನಲ್ಲೇ ನಿಮ್ಮ ಹೆಸರಿನ ಎಫ್‌ಡಿಯಲ್ಲಿದೆ. ಬಾಂಡ್ ನಿಮ್ಮ ಟ್ರಂಕಿನಲ್ಲಿ, ಹೊಲದ ಕಾಗದಗಳ ಕೆಳಗಿದೆ. ತೆಗೆದು ಅವ್ವನಿಗೆ ತೋರಿಸಿ. ಅದನ್ನು ಮುರಿಸುವ ಮಾತೇ ಇಲ್ಲ. ನನ್ನ ಕೆಲಸಕ್ಕೂ ಏನೂ ಆಗಿಲ್ಲ. ನಮ್ಮ ಕಂಪನಿಯಲ್ಲಿ ಒಂದಷ್ಟು ಜನರನ್ನು ತೆಗೆದದ್ದು ನಿಜ, ಆದರೆ ಅದು ಬೇರೆ ವಿಭಾಗ. ನಮ್ಮದಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಇನ್ನು ಒಲೆ ಯಾಕೆ ಬೇಕು ಅಂತ. ಈ ಮನೆ ತಗೊಂಡಾಗ ಅಡುಗೆಮನೆಯಲ್ಲಿ ಇದ್ದದ್ದು ಕರೆಂಟಿನ ಒಲೆ. ಮೇಲೆ ನುಣ್ಣನೆ ಗಾಜು. ಉರಿ ಅನ್ನುವುದೇ ಇಲ್ಲ. ಅವ್ವ ಕೊಟ್ಟ ಕಬ್ಬಿಣದ ಹಂಚಿನ ತಳ ಗುಂಡಗಿದೆ, ಗಾಜಿನ ಮೇಲೆ ಇಟ್ಟರೆ ಆಡುತ್ತದೆ. ನಡುಮಧ್ಯ ಕಾಯುತ್ತದೆ, ಅಂಚು ಕಾಯುವುದಿಲ್ಲ. ರೊಟ್ಟಿ ನಡುವೆ ಕರಕಲು, ಸುತ್ತ ಹಸಿ. ನಿಮ್ಮ ಸೊಸೆ ಬೇಸತ್ತು ಚಪಾತಿಗೆ ಇಳಿದಿದ್ದಾಳೆ. ಗವಿಮಠದ ದಾಸೋಹಕ್ಕೆ ಬುಟ್ಟಿಗಟ್ಟಲೆ ರೊಟ್ಟಿ ಬಡಿದು ಕಳಿಸುವ ಊರಿನ ಹೆಣ್ಣುಮಗಳು ಎಷ್ಟು ದಿನ ಅಂತ ಚಪಾತಿ ಲಟ್ಟಿಸುತ್ತಾಳೆ? ಅಷ್ಟರಲ್ಲಿ ಸಿಂಕಿನ ಕೆಳಗೆ ಪೈಪ್ ಸೋರಿ ಕಪಾಟು, ನೆಲ ಎಲ್ಲ ಉಬ್ಬಿಹೋಯಿತು. ಹೇಗೂ ಅಡುಗೆಮನೆ ಕೀಳಿಸಬೇಕು. ಅದಕ್ಕೆ ವಿಮೆಯವರು ಒಂದಷ್ಟು ಕೊಡುತ್ತಾರೆ. ಚಳಿಗಾಲಕ್ಕೆ ಮನೆ ಬಿಸಿ ಮಾಡುವ ಯಂತ್ರಕ್ಕೆ ಅಂತ ಗ್ಯಾಸ್ ಪೈಪು ನೆಲಮಾಳಿಗೆಗೆ ಬಂದೇ ಇದೆ, ಅದನ್ನು ಮೇಲಕ್ಕೆ ಎಳೆದರಾಯಿತು.

ಇಲ್ಲಿನ ಒಲೆ ನಮ್ಮ ಹಾಗೆ ಕಟ್ಟೆ ಮೇಲೆ ಇಡುವುದಲ್ಲ. ನೆಲದ ಮೇಲೆ ನಿಲ್ಲುತ್ತದೆ. ಮೇಲೆ ಬರ್ನರ್, ಕೆಳಗೆ ಓವನ್, ಎರಡೂ ಒಂದೇ ಡಬ್ಬ. ಅಗಲ 30, 36, 48 ಇಂಚು, ಹೀಗೆ ಬರುತ್ತವೆ. ಕಾಕಾ ನೋಡಿದ್ದು ವುಲ್ಫ್ ಅನ್ನುವ ಕಂಪನಿಯ 36 ಇಂಚಿನದು. ಹತ್ತು ಸಾವಿರ ಡಾಲರ್ ಆಸುಪಾಸು. ಹೋಟೆಲ್ ಒಲೆಯಂತೆ ಕಾಣುವುದನ್ನು ಮನೆಗೆ ಮಾರುವ ಶೋಕಿಗೆ ಇಲ್ಲಿ ದೊಡ್ಡ ಇತಿಹಾಸವೇ ಇದೆ. ಮಿಸ್ಸಿಸಿಪ್ಪಿಯ ವೈಕಿಂಗ್ ಕಂಪನಿ 1987ರಲ್ಲಿ ಮೊದಲ ಒಲೆ ಕಳಿಸಿತಂತೆ, ಆಮೇಲೆ ಶ್ರೀಮಂತರ ಮನೆಯಲ್ಲೆಲ್ಲ ಅದೇ. ನಿಜವಾದ ಹೋಟೆಲ್ ಒಲೆಯನ್ನು ಮನೆಯಲ್ಲಿ ಇಡಬಾರದು. ಅದರ ಮೈ ಸುಡುತ್ತದೆ, ಪಕ್ಕದ ಮರದ ಕಪಾಟಿಗೆ ಬೆಂಕಿ ಹತ್ತಬಹುದು. ಇವು ಪಕ್ಕಕ್ಕೆ ಶಾಖ ಬಿಡದ ಹಾಗೆ ಮಾಡಿದ ಮನೆ ಒಲೆಗಳು. ಆ ಬೆಲೆಗೆ ಅದೂ ಒಂದು ಕಾರಣ.

ಉರಿಯನ್ನು ಇವರು ಬಿಟಿಯು ಅನ್ನುವ ಲೆಕ್ಕದಲ್ಲಿ ಹೇಳುತ್ತಾರೆ. ನೀವು ಕೆಇಬಿಯವರು, ನಿಮಗೆ ಕಿಲೋವ್ಯಾಟಿನಲ್ಲೇ ಹೇಳುತ್ತೇನೆ. ಗಂಟೆಗೆ 3,412 ಬಿಟಿಯು ಅಂದರೆ 1 ಕಿಲೋವ್ಯಾಟ್. ನಮ್ಮ ಕಡೆ ಮನೆ ಒಲೆಯ ಬರ್ನರ್ ಸಾಮಾನ್ಯವಾಗಿ ಹತ್ತು ಸಾವಿರದ ಒಳಗೇ. ಇಲ್ಲಿ ಇದೇ ರಾಜ್ಯದ ರೆಡಿಂಗ್ ಊರಿನಲ್ಲಿ ಬ್ಲೂಸ್ಟಾರ್ ಅಂತ ಒಲೆ ಮಾಡುತ್ತಾರೆ. ಅದರ ಕೆಲವು ಮಾದರಿಯಲ್ಲಿ ದೊಡ್ಡ ಬರ್ನರ್ 22 ಸಾವಿರ. ಹತ್ತಿರ ಹತ್ತಿರ ಆರೂವರೆ ಕಿಲೋವ್ಯಾಟ್ ಆಯಿತು. ನಮ್ಮ ಹೊಲದ 5 ಎಚ್‌ಪಿ ಮೋಟಾರಿಗಿಂತ ಜಾಸ್ತಿ, ಒಂದೇ ಬರ್ನರಿಗೆ! ಅದರಲ್ಲಿ ನಾಲ್ಕು ಜನರ ಸಾರು ಮಾಡುತ್ತಾರೆ.

ಆದರೆ ದೊಡ್ಡ ಉರಿಗೆ ನಾನು ಮರುಳಾಗಲಿಲ್ಲ. ಅಂಗಡಿಯವ ಅದನ್ನೇ ತೋರಿಸುತ್ತಾನೆ, ಭರ್ ಅಂತ ಹಚ್ಚುತ್ತಾನೆ. ನೋಡಬೇಕಾದ್ದು ಸಣ್ಣ ಉರಿ. ಹಾಲು ಇಟ್ಟು ಬೇರೆ ಕೆಲಸಕ್ಕೆ ಹೋಗುವವರು ನಾವು. ಥರ್ಮಡಾರ್ ಅನ್ನುವ ಕಂಪನಿಯ ಒಲೆಯಲ್ಲಿ ಉರಿ ಅತಿ ಸಣ್ಣಗೆ ಬೇಕು ಅಂದರೆ, ಅದು ತಾನೇ ಆರಿ ತಾನೇ ಹತ್ತುತ್ತಿರುತ್ತದೆ. ಅವ್ವ ಕಂಡರೆ ಸಿಲಿಂಡರ್ ಖಾಲಿಯಾಯಿತು ಅಂತ ಬುಕ್ ಮಾಡಲು ಓಡುತ್ತಾಳೆ.

ನಿಮ್ಮ ಸೊಸೆ ಹಂಚನ್ನೂ ಒಗ್ಗರಣೆ ಸೌಟನ್ನೂ ಟವೆಲಿನಲ್ಲಿ ಸುತ್ತಿಕೊಂಡು ಅಂಗಡಿಗೇ ಬಂದಳು. ನನಗೆ ನಾಚಿಕೆ, ಅವಳಿಗಿಲ್ಲ. ಬರ್ನರ್ ಮೇಲಿನ ಎರಕದ ಕಬ್ಬಿಣದ ಕಂಬಿಗಳ ನಡುವೆ ಸೌಟು ಇಟ್ಟಳು, ಅದು ಜಾರಿ ಒಳಗೆ ಬಿತ್ತು. ಇನ್ನೊಂದರಲ್ಲಿಯೂ ಬಿತ್ತು. ಹತ್ತು ಸಾವಿರ ಡಾಲರ್ ಕೊಟ್ಟು ಒಗ್ಗರಣೆ ಹಾಕಲು ಆಗಲ್ಲ ಅಂದರೆ ಹೇಗೆ ಅಂತ ಕನ್ನಡದಲ್ಲೇ ಕೇಳಿದಳು. ಅಂಗಡಿಯವ ತಲೆ ಅಲ್ಲಾಡಿಸಿದ. ಬ್ಲೂಸ್ಟಾರಿನಲ್ಲಿ ಮಾತ್ರ ಕಂಬಿಯ ನಡುವಿನ ಭಾಗ ಎತ್ತಿ ತೆಗೆಯಬಹುದು. ಚೀನಾದವರ ಬಾಣಲೆ ಕೂರಲಿ ಅಂತ ಹಾಗೆ ಮಾಡಿದ್ದು. ಗುಂಡು ತಳದ ಹಂಚು ಅದರಲ್ಲಿ ಅಲ್ಲಾಡದೆ ಕೂತುಬಿಟ್ಟಿತು. ಉರಿ ತಳಕ್ಕೆಲ್ಲ ಹರಡಿತು. ಅವಳು ಬೆರಳಿನಲ್ಲಿ ನೀರು ಚಿಮುಕಿಸಿದಳು. ಅಂಚಿನಲ್ಲೂ ಚುರ್ ಅಂತು. ಆಮೇಲೆ ಆ ಕಡೆ ಈ ಕಡೆ ತಿರುಗಿ ನೋಡಲಿಲ್ಲ.

ಒಂದು ತೊಂದರೆ ಇದೆ, ಹೇಳುತ್ತೇನೆ. ಆ ಬರ್ನರ್ ಕೆಳಗೆ ತೆರೆದಿರುತ್ತದೆ. ಹಾಲು ಉಕ್ಕಿದರೆ ಕೆಳಗಿನ ತಟ್ಟೆಗೆ ಇಳಿಯುತ್ತದೆ, ಎಳೆದು ತೊಳೆಯಬೇಕು. ಮುಚ್ಚಿದ ಬರ್ನರ್ ಆದರೆ ಮೇಲೇ ನಿಲ್ಲುತ್ತದೆ, ಒರೆಸಿದರೆ ಮುಗಿಯಿತು. ನನಗೆ ಮುಚ್ಚಿದ್ದೇ ಸರಿ ಅನಿಸುತ್ತದೆ. ಅವಳು ಒಪ್ಪುತ್ತಿಲ್ಲ. ತೊಳೆಯುವವರು ಯಾರು ಅಂತ ಮಾತ್ರ ಇನ್ನೂ ತೀರ್ಮಾನ ಆಗಿಲ್ಲ.

ಬಣ್ಣದ ಕಥೆ ಕೇಳಿ. ಆ ಒಲೆ ಸಾವಿರಕ್ಕೂ ಜಾಸ್ತಿ ಬಣ್ಣದಲ್ಲಿ ಸಿಗುತ್ತದಂತೆ. ಸೊಸೆ ಇಳಕಲ್ ಸೀರೆಯ ಗಿರಿಕುಂಕುಮ ಇದೆಯಾ ಅಂತ ಮೊಬೈಲಿನಲ್ಲಿ ಫೋಟೋ ತೋರಿಸಿದಳು. ಅವನು ಒಂದು ಪುಸ್ತಕ ತೆಗೆದು ಹುಡುಕಿಯೇ ಕೊಟ್ಟ. ಬಣ್ಣಕ್ಕೆ ಬೇರೆ ದುಡ್ಡು. ಸ್ಟೀಲೇ ಇರಲಿ ಅಂದೆ.

ಅವ್ವ ಗ್ಯಾಸ್ ಅಂದರೆ ಹೆದರುತ್ತಾಳೆ. ಹೆದರುವಂಥದ್ದು ಏನೂ ಇಲ್ಲ. ಇಲ್ಲಿ ಸಿಲಿಂಡರ್ ಇಲ್ಲ, ನೈಸರ್ಗಿಕ ಅನಿಲ ಪೈಪಿನಲ್ಲಿ ಬರುತ್ತದೆ. ನಮ್ಮ ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಕೂರುತ್ತದೆ. ಇದು ಹಗುರ, ಮೇಲಕ್ಕೆ ಹೋಗುತ್ತದೆ. ಇದಕ್ಕೂ ವಾಸನೆ ಬೆರೆಸಿರುತ್ತಾರೆ. ಎರಡಕ್ಕೂ ಬರ್ನರಿಗೆ ಗ್ಯಾಸ್ ಬಿಡುವ ಜೆಟ್ ಬೇರೆ ಬೇರೆ, ಅದನ್ನು ಆರ್ಡರ್ ಕೊಡುವಾಗಲೇ ಹೇಳಬೇಕು. ಗುಂಡ ಓವನ್ ಬಾಗಿಲ ಮೇಲೆ ಹತ್ತಿದರೂ ಒಲೆ ಮಗುಚದ ಹಾಗೆ ಗೋಡೆಗೋ ನೆಲಕ್ಕೋ ಕ್ಲಾಂಪ್ ಹಾಕಿ ಹಿಡಿಸುತ್ತಾರೆ. 1991ರಿಂದ ಇಲ್ಲಿನ ಒಲೆಗಳಿಗೆಲ್ಲ ಅದು ಇರಲೇಬೇಕು.

ಖರ್ಚು ನಿಜವಾಗಿ ಇರುವುದು ಹೊಗೆಯಲ್ಲಿ. ಈಗ ಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಸಾಕು, ಚಾವಣಿಯ ಅಲಾರಂ ಬಡಿದುಕೊಳ್ಳುತ್ತದೆ, ನಾನು ಸ್ಟೂಲು ಹತ್ತಿ ಟವೆಲ್ ಬೀಸಬೇಕು. ಇಂಥ ಒಲೆಗೆ ಗೋಡೆ ಕೊರೆದು ಹೊಗೆಯನ್ನು ಹೊರಗೆ ಬಿಡುವ ಚಿಮಣಿ ಬೇಕೇ ಬೇಕು. ಗ್ಯಾಸಿನ ಉರಿಯಿಂದ ನೈಟ್ರೋಜನ್ ಡೈಆಕ್ಸೈಡ್ ಬರುತ್ತದೆ, ಮಕ್ಕಳ ಉಸಿರಿಗೆ ಒಳ್ಳೆಯದಲ್ಲ. ಒಲೆಯ ಅಗಲ ಒಂದು ಅಡಿಗೆ ನಿಮಿಷಕ್ಕೆ 100 ಘನ ಅಡಿ ಗಾಳಿ ಎಳೆಯಬೇಕು ಅನ್ನುವುದು ಇಲ್ಲಿನವರ ಲೆಕ್ಕ. ಅದು 400 ದಾಟಿದರೆ ಹೊರಗಿನಿಂದ ಒಳಗೆ ಗಾಳಿ ಬಿಡಲು ಇನ್ನೊಂದು ವ್ಯವಸ್ಥೆ ಮಾಡು ಅನ್ನುವ ನಿಯಮ ಬಹಳ ಕಡೆ ಇದೆ. ಒಳಗಿನ ಗಾಳಿಯನ್ನೇ ಎಳೆದೆಳೆದು, ಬಿಸಿನೀರಿನ ಯಂತ್ರದ ಹೊಗೆ ಮನೆಯೊಳಗೆ ವಾಪಸ್ ಬರಬಾರದು ಅಂತ. ಹಾಗಾಗಿ ನಮಗೆ 30 ಇಂಚಿನದೇ ಸಾಕು. ಚಿಮಣಿಯೂ ಸಣ್ಣದಾಗುತ್ತದೆ.

ಪಕ್ಕದ ನ್ಯೂಯಾರ್ಕ್ ರಾಜ್ಯದವರು ಬಹುತೇಕ ಹೊಸ ಕಟ್ಟಡಗಳಿಗೆ ಗ್ಯಾಸೇ ಬೇಡ ಅಂತ 2023ರಲ್ಲಿ ಕಾನೂನು ಮಾಡಿದ್ದಾರೆ. ನಮ್ಮಲ್ಲಿ 2016ರಲ್ಲಿ ಉಜ್ವಲ ಶುರುವಾದ ಮೇಲೆ ಸಣ್ಣವ್ವನ ಮನೆಗೆ ಸಿಲಿಂಡರ್ ಬಂತು. ಇವರು ಬಿಡಬೇಕು ಅನ್ನುತ್ತಿದ್ದಾರೆ. ಆಫೀಸಿನವರೂ ಇಂಡಕ್ಷನ್ ತಗೋ ಅಂತಾರೆ. ರೊಟ್ಟಿ ಉರಿಗೆ ಹಿಡಿದು ಉಬ್ಬಿಸುವುದು ಹೇಗೆ ಅಂತ ಕೇಳಿದರೆ ಉತ್ತರ ಇಲ್ಲ.

ಒಟ್ಟಿನಲ್ಲಿ, ತೆಗೆದುಕೊಂಡರೆ 30 ಇಂಚಿನದು, ನಾಲ್ಕು ಬರ್ನರ್, ಬ್ಲೂಸ್ಟಾರ್ ಕಂಪನಿಯದೇ ಕಡಿಮೆ ದರ್ಜೆಯದು. ಕಾಕಾ ಹೇಳಿದ ಬೆಲೆಯ ಅರ್ಧದ ಆಚೀಚೆ. ಸಾಲ ಇಲ್ಲ, ಕಂತಿಲ್ಲ. ಅದೂ ಮದುವೆ ಮುಗಿದ ಮೇಲೆ. ನಿಮಗೆ ಸಮಾಧಾನ ಇಲ್ಲ ಅಂದರೆ ಅದನ್ನೂ ಬಿಡುತ್ತೇನೆ, ಚಪಾತಿಗೇನು. ಕಾಕಾ ಕೇಳಿದರೆ ಸೆಕೆಂಡ್ ಹ್ಯಾಂಡ್ ಅಂದುಬಿಡಿ.

ಆದರೆ ಅಪ್ಪಾಜಿ, ಒಲೆಗೆ ಇಷ್ಟೆಲ್ಲ ಉತ್ತರ ಬರೆಯುವಾಗ ನನಗೆ ಅನಿಸಿದ್ದು ಇದು. ನಾವು ಅರ್ಧ ಬೆಲೆ ಅಂದರೆ ಬೀಗರು ಅರ್ಧ ಕಾರು ಕೇಳುತ್ತಾರಾ? ಆ ಮಾತು ಯಾರು ಆಡಿದ್ದು ಅಂತ ನೀವು ಬರೆದಿಲ್ಲ. ಹುಡುಗ ಆಡಿದ್ದಾ, ಅವನ ಸೋದರಮಾವನಾ? ಸೋದರಮಾವನಾದರೆ ನಿಶ್ಚಯದ ದಿನವೂ ಊಟದಲ್ಲಿ ಹೋಳಿಗೆ ದಪ್ಪ ಆಯಿತು ಅಂದವರು ಅವರೇ, ಬಿಟ್ಟುಬಿಡಿ. ಹುಡುಗನೇ ಆದರೆ ಮಾತು ಬೇರೆ. ಕೊಡುವುದು ನನಗೆ ಕಷ್ಟ ಅಲ್ಲ. ಕೇಳಿದ್ದಕ್ಕೆ ಕೊಟ್ಟರೆ ಮುಂದಿನ ದೀಪಾವಳಿಗೆ ಇನ್ನೊಂದು ಕೇಳುತ್ತಾರೆ. 1961ರಿಂದ ವರದಕ್ಷಿಣೆ ನಿಷೇಧದ ಕಾನೂನೇ ಇದೆ, ತೆಗೆದುಕೊಂಡವರಷ್ಟೇ ಅಲ್ಲ, ಕೊಟ್ಟವರೂ ತಪ್ಪಿತಸ್ಥರು. ನಿಮಗೆ ಗೊತ್ತಿಲ್ಲದ್ದಲ್ಲ.

ನಿಶ್ಚಯ ಮುರಿದರೆ ಊರಲ್ಲಿ ಏನಂತಾರೆ ಅನ್ನುವುದು ಅವ್ವನ ಭಯ. ಅದು ನನಗೂ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಪುಟ್ಟಿಯನ್ನು ಯಾರಾದರೂ ಕೇಳಿದಿರಾ? ಪತ್ರದ ಫೋಟೋ ಕಳಿಸಿದವಳು ಒಂದು ಮಾತೂ ಬರೆದಿಲ್ಲ. ಸುಮ್ನೆ ಫೋಟೋ. ಅವಳ ಸಂಬಳದಲ್ಲೇ ಸ್ಕೂಟಿ ತಗೊಂಡು ಭಾಗ್ಯನಗರದ ಶಾಲೆಗೆ ಓಡಾಡುವ ಹುಡುಗಿ, ಅವಳಿಗೆ ಕಾರಿನ ವಿಷಯದಲ್ಲಿ ಒಂದು ಅಭಿಪ್ರಾಯ ಇರಲ್ವಾ? ಮೊದಲು ಅವಳು ಹೇಳಲಿ. ಆಮೇಲೆ ನಾನೇ ಹುಡುಗನಿಗೆ ಫೋನ್ ಮಾಡುತ್ತೇನೆ, ಜಗಳಕ್ಕಲ್ಲ. ಅಲ್ಲಿಯವರೆಗೆ ನೀವು ಗಂಗಾವತಿಗೆ ಹೋಗಬೇಡಿ. ಹೂಂ ಅನ್ನಲೂ ಬೇಡಿ, ಊಹೂಂ ಅನ್ನಲೂ ಬೇಡಿ.

ಎಲ್ಲ ಸರಿಹೋಗುತ್ತದೆ. ನಾವು ಚೆನ್ನಾಗಿದ್ದೇವೆ, ದುಡ್ಡಿಗೆ ತೊಂದರೆ ಇಲ್ಲ, ಕೆಲಸಕ್ಕೆ ತೊಂದರೆ ಇಲ್ಲ. ಅವ್ವನಿಗೆ ಇದನ್ನೇ ಎರಡು ಸಲ ಓದಿ ಹೇಳಿ.

ಗುಂಡನ ಈಜಿನ ಕ್ಲಾಸಿಗೆ ಹೊತ್ತಾಯಿತು, ಕೆಳಗೆ ಹಾರ್ನ್ ಹೊಡೆಯುತ್ತಿದ್ದಾರೆ. ಬಿಪಿ ಮಾತ್ರೆ ತಪ್ಪಿಸಬೇಡಿ. ಮಂಗಳವಾರ ನಿಮ್ಮ ರಾತ್ರಿ ಎಂಟಕ್ಕೆ ಫೋನ್ ಮಾಡುತ್ತೇನೆ, ಪುಟ್ಟಿ ಮನೆಯಲ್ಲಿರಲಿ, ಫೋನ್ ಮೊದಲು ಅವಳ ಕೈಗೇ ಕೊಡಿ.

ಇಂತಿ,
ಬಸು