ಮಂಗನ ಕಾಯಿಲೆ: ಪರೀಕ್ಷೆ, ಔಷಧ ಎರಡೂ ಒಂದೇ ಒಪ್ಪಂದದಲ್ಲಿರಲಿ

ಮಾನ್ಯ ಸಂಪಾದಕರೆ,

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಸುತ್ತಲಿನ ಹಳ್ಳಿಗರೂ ಜ್ವರದಿಂದ ಮಲಗಿದಾಗ ರೋಗದ ವೈರಸ್ಸನ್ನು ಗುರುತಿಸಿದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನ ಸೇರಿ 1952ರಲ್ಲಿ ಕಟ್ಟಿದ ಈ ಕೇಂದ್ರವೇ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ, ಅಂದರೆ ಎನ್‌ಐವಿ. ಹೀಗೆ ಸಂಶೋಧನಾ ಸಹಭಾಗಿತ್ವದಿಂದಲೇ ಪತ್ತೆಯಾದ ಕಾಯಿಲೆಗೆ ಇಷ್ಟು ವರ್ಷಗಳ ನಂತರವೂ ನಿರ್ದಿಷ್ಟ ಔಷಧವಿಲ್ಲ. ಜ್ವರ ಇಳಿಸುವುದು, ಡ್ರಿಪ್ ಹಾಕುವುದು, ರಕ್ತಸ್ರಾವವಾದರೆ ನಿಭಾಯಿಸುವುದು, ಇಷ್ಟೇ ಚಿಕಿತ್ಸೆ. ಸೋಂಕಿತರಲ್ಲಿ ನೂರಕ್ಕೆ 3ರಿಂದ 5 ಮಂದಿ ಸಾಯುತ್ತಾರೆ.

ವರ್ಷವರ್ಷವೂ ಚುಚ್ಚಿಸಿಕೊಳ್ಳಬೇಕಾಗಿದ್ದ ಹಳೆಯ ಲಸಿಕೆಯನ್ನು ಪರಿಣಾಮ ಸಾಲದೆಂದು ನಿಲ್ಲಿಸಲಾಗಿದೆ. ಹೊಸ ಲಸಿಕೆಗಾಗಿ ಐಸಿಎಂಆರ್ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಎಂಬ ಲಸಿಕೆ ಕಂಪನಿಯ ಜೊತೆ ಕೈಜೋಡಿಸಿರುವುದು ಸ್ವಾಗತಾರ್ಹ. ಆದರೆ ಲಸಿಕೆಯ ಮಾತಿನ ನಡುವೆ ರೋಗಪತ್ತೆ ಮತ್ತು ಔಷಧ ಹಿಂದೆ ಸರಿಯುತ್ತಿವೆ ಎಂಬುದೇ ನನ್ನ ಆತಂಕ.

ಇವೆರಡನ್ನೂ ಬಿಡಿಬಿಡಿಯಾಗಿ ನೋಡಲಾಗದು. ರೋಗಿಯ ರಕ್ತದಲ್ಲಿ ವೈರಸ್ ಹೇರಳವಾಗಿರುವುದು ಮೊದಲ ಕೆಲವು ದಿನಗಳಲ್ಲಿ. ವೈರಸ್ ನಿರೋಧಕ ಔಷಧ ಯಾವುದೇ ಆದರೂ ಕೆಲಸಕ್ಕೆ ಬರುವುದು ಬಹುಪಾಲು ಆಗಲೇ. ಕೊಟ್ಟಿಗೆಗೆ ದರಕು (ಒಣ ಎಲೆ) ತರಲು ಕಾಡಿಗೆ ಹೋಗಿ, ಈ ಕಾಯಿಲೆ ಹರಡುವ ಉಣುಗು ಕಚ್ಚಿಸಿಕೊಂಡವರು ಮೊದಲೆರಡು ದಿನ ಮೈಕೈ ನೋವೆಂದು ಮಾತ್ರೆ ನುಂಗಿ ಸುಮ್ಮನಿರುತ್ತಾರೆ (ಮಲೆನಾಡಿನಲ್ಲಿ ಜ್ವರ ಬಂತೆಂದು ಒಡನೆ ಆಸ್ಪತ್ರೆಗೆ ಓಡುವವರು ಕಡಿಮೆ). ಆಮೇಲೆ ರಕ್ತದ ಮಾದರಿ ದೂರದ ಪ್ರಯೋಗಾಲಯಕ್ಕೆ ಹೋಗಿ ವರದಿ ಮರಳುವಷ್ಟರಲ್ಲಿ ಆ ಅವಧಿಯೇ ಮುಗಿದಿರುತ್ತದೆ. ಎನ್‌ಐವಿ ಮತ್ತು ಗೋವಾದ ಮೋಲ್‌ಬಯೊ ಕಂಪನಿ ಸೇರಿ, ರೋಗಾಣುವಿನ ವಂಶವಾಹಿಯನ್ನು ಸ್ಥಳದಲ್ಲೇ ಗುರುತಿಸುವ, ಬ್ಯಾಟರಿಯಲ್ಲಿ ನಡೆಯುವ ಟ್ರೂನ್ಯಾಟ್ ಯಂತ್ರಕ್ಕೆ ಈ ಕಾಯಿಲೆಯ ಪರೀಕ್ಷೆಯನ್ನು ರೂಪಿಸಿವೆ. ಕ್ಷಯ ಪತ್ತೆಗೆಂದು ಬಂದ ಈ ಯಂತ್ರ ತಾಲ್ಲೂಕು ಆಸ್ಪತ್ರೆಗಳಿಗೆ ಹೊಸದೂ ಅಲ್ಲ. ಕಾಯಿಲೆ ಹೆಚ್ಚುವ ಡಿಸೆಂಬರಿನಿಂದ ಮೇ ತನಕ ಕಾಡಂಚಿನ ಪ್ರತಿ ಆಸ್ಪತ್ರೆಯಲ್ಲೂ ಈ ಪರೀಕ್ಷೆಗೆ ಬೇಕಾದ ಚಿಪ್‌ಗಳ ದಾಸ್ತಾನು ಇರಬೇಕು.

ಔಷಧವನ್ನು ಶೂನ್ಯದಿಂದಲೇ ಹುಡುಕಬೇಕೆಂದೂ ಇಲ್ಲ. ಮಂಗನ ಕಾಯಿಲೆಯ ವೈರಸ್ಸು ಹೆಪಟೈಟಿಸ್ ಸಿ, ಡೆಂಗಿ ವೈರಸ್‌ಗಳ ಕುಟುಂಬಕ್ಕೇ ಸೇರಿದ್ದು. ಹೆಪಟೈಟಿಸ್ ಸಿ ಗುಣಪಡಿಸುವ ಸೋಫಾಸ್‌ಬುವಿರ್ ಭಾರತದಲ್ಲೇ ಅಗ್ಗವಾಗಿ ತಯಾರಾಗುತ್ತಿದೆ. ಇಂಥ ಔಷಧಗಳು ಈ ವೈರಸ್ಸಿಗೂ ನಾಟುತ್ತವೆ ಎಂದು ನಾನು ಹೇಳುತ್ತಿಲ್ಲ. ಪ್ರಯೋಗಾಲಯದಲ್ಲಿ, ಪ್ರಾಣಿಗಳಲ್ಲಿ, ಅನಂತರ ರೋಗಿಗಳಲ್ಲಿ ಕ್ರಮವಾಗಿ ಪರೀಕ್ಷಿಸಿಯೇ ತೀರ್ಮಾನಿಸಬೇಕು. ವೈರಸ್ಸನ್ನು ಸುರಕ್ಷಿತವಾಗಿ ನಿಭಾಯಿಸಬಲ್ಲ ಉನ್ನತ ಜೈವಿಕ ಸುರಕ್ಷತೆಯ ಪ್ರಯೋಗಾಲಯ ಪುಣೆಯಲ್ಲಿದೆ, ಆಣ್ವಿಕ ಜೀವವಿಜ್ಞಾನ ಬಲ್ಲವರು ಬೆಂಗಳೂರಿನಲ್ಲಿದ್ದಾರೆ, ರೋಗಿಗಳು ಸಾಗರ, ತೀರ್ಥಹಳ್ಳಿ, ಸಿದ್ದಾಪುರಗಳಲ್ಲಿದ್ದಾರೆ. ಈ ಮೂರನ್ನೂ ಜೋಡಿಸುವ ಕೆಲಸವನ್ನು ಯಾವ ಕಂಪನಿಯೂ ತಾನಾಗಿ ಮಾಡದು, ಏಕೆಂದರೆ ಬಡ ಕೂಲಿಕಾರರ ಈ ಕಾಯಿಲೆಯಲ್ಲಿ ಲಾಭವಿಲ್ಲ.

ಆದುದರಿಂದ ರಾಜ್ಯ ಸರ್ಕಾರವೇ ಮುಂದೆ ನಿಂತು, ಕಾಯಿಲೆ ಈಗಾಗಲೇ ಹಬ್ಬಿರುವ ಕೇರಳ, ಗೋವಾ, ಮಹಾರಾಷ್ಟ್ರ, ತಮಿಳುನಾಡುಗಳನ್ನೂ ಸೇರಿಸಿಕೊಂಡು ಐಸಿಎಂಆರ್ ಜೊತೆ ಒಪ್ಪಂದ ಮಾಡಿಕೊಳ್ಳಲಿ. ಪರೀಕ್ಷೆ ತಾಲ್ಲೂಕಿನಲ್ಲೇ ಉಚಿತವಾಗಿ ಸಿಗಬೇಕು, ಮಲೆನಾಡಿಗರ ರಕ್ತದ ಮಾದರಿಯಿಂದ ಹುಟ್ಟುವ ಔಷಧ ಅವರ ಕೈಗೆಟಕುವ ಬೆಲೆಗೆ ದೊರೆಯಬೇಕು ಎಂಬ ಷರತ್ತುಗಳನ್ನು ಸಹಿ ಹಾಕುವ ಮೊದಲೇ ಬರೆಸಲಿ.

– ಒಬ್ಬ ಅಡಿಕೆ ಬೆಳೆಗಾರ, ಸಾಗರ ತಾಲ್ಲೂಕು