ಕಾರ್ಡ್ ಹಂಚಿದರೆ ಸಾಲದು, ಪಾಸ್‌ವರ್ಡಿನ ಬಾಗಿಲು ಮುಚ್ಚಿಸಿ: ಸಚಿವರಿಗೊಂದು ಬಹಿರಂಗ ಪತ್ರ

ಸರ್ಕಾರಿ ಹಾಗೂ ರಕ್ಷಣಾ ಜಾಲಗಳ ಹೊಣೆ ಹೊತ್ತ ಮಾನ್ಯ ಸಚಿವರಿಗೆ,

ನಮಸ್ಕಾರ. ಸಿಬ್ಬಂದಿಗೆ ಲಾಗಿನ್ ಆಗಲು ಸ್ಮಾರ್ಟ್ ಕಾರ್ಡ್ (ಚಿಪ್ ಇರುವ ಗುರುತಿನ ಕಾರ್ಡ್) ಕೊಡುವ ಕಡತ ನಿಮ್ಮ ಮೇಜಿಗೆ ಬಂದಾಗ, ಎಷ್ಟು ಕಾರ್ಡ್ ಹಂಚಿದ್ದೀರಿ ಎಂದು ಕೇಳಬೇಡಿ. ಬರೀ ಪಾಸ್‌ವರ್ಡ್ ಹಾಕಿ ಒಳಹೋಗುವ ದಾರಿಗಳು ಇನ್ನೆಷ್ಟು ಉಳಿದಿವೆ ಎಂದು ಕೇಳಿ.

ಅಮೆರಿಕದ ಅನುಭವ ಕಣ್ಣ ಮುಂದಿದೆ. ಒಕ್ಕೂಟ ಸರ್ಕಾರದ ನೌಕರರಿಗೂ ಗುತ್ತಿಗೆದಾರರಿಗೂ ಏಕರೂಪದ ಗುರುತಿನ ಕಾರ್ಡ್ ಇರಬೇಕೆಂಬ ಆದೇಶ ಅಲ್ಲಿ ಹೊರಟಿದ್ದು 2004ರಲ್ಲಿ. ಹತ್ತು ವರ್ಷದ ನಂತರ ಅಲ್ಲಿನ ಸಿಬ್ಬಂದಿ ನಿರ್ವಹಣಾ ಕಚೇರಿಯ ತಪಾಸಣೆ ನಡೆದಾಗ, 47 ಪ್ರಮುಖ ಅಪ್ಲಿಕೇಶನ್‌ಗಳಲ್ಲಿ ಒಂದೂ ಆ ಕಾರ್ಡನ್ನು ಕಡ್ಡಾಯವಾಗಿ ಕೇಳುತ್ತಿರಲಿಲ್ಲ. 2015ರಲ್ಲಿ ಅದೇ ಕಚೇರಿಯಲ್ಲಿ ಬಯಲಾದ ಕಳವಿನಲ್ಲಿ 2 ಕೋಟಿ 15 ಲಕ್ಷ ಜನರ ಹಿನ್ನೆಲೆ ಪರಿಶೀಲನೆಯ ವಿವರ ಹೋಯಿತು, 56 ಲಕ್ಷ ಜನರ ಬೆರಳಚ್ಚೂ ಹೋಯಿತು. ಕಳ್ಳರು ಒಳಬಂದದ್ದು ಗುತ್ತಿಗೆದಾರರ ಲಾಗಿನ್‌ನಿಂದ. ಒಂದೆಡೆ ಕೂಡಿಟ್ಟ ಬೆರಳಚ್ಚು ಹೀಗೆ ಒಟ್ಟಿಗೇ ಕಳವಾಗುತ್ತದೆ; ಆದ್ದರಿಂದ ಅದನ್ನು ಕೇಂದ್ರ ಸರ್ವರ್‌ನಲ್ಲಿ ಗುಡ್ಡೆ ಹಾಕುವ ಸಲಹೆ ಬಂದರೆ ಒಪ್ಪಬೇಡಿ. ಬೆರಳಚ್ಚಿನ ಹೋಲಿಕೆ ಕಾರ್ಡಿನ ಚಿಪ್ಪಿನೊಳಗೇ ನಡೆಯಲಿ.

‘ಒಟಿಪಿ ಇದೆಯಲ್ಲ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ನಕಲಿ ಲಾಗಿನ್ ಪುಟ ನಡುವೆ ಕೂತು, ನೌಕರ ಟೈಪ್ ಮಾಡಿದ ಆರು ಅಂಕಿಯನ್ನು ಆ ಕ್ಷಣವೇ ಅಸಲಿ ಪುಟಕ್ಕೆ ದಾಟಿಸುತ್ತದೆ. 30 ಸೆಕೆಂಡಿನ ಅವಧಿ ಅದಕ್ಕೆ ಧಾರಾಳ. ಫೋನಿನಲ್ಲಿ ‘ಒಪ್ಪಿಗೆ’ ಒತ್ತಿಸುವ ವ್ಯವಸ್ಥೆಯೂ ಅಷ್ಟೆ: ಪಾಸ್‌ವರ್ಡ್ ಕದ್ದವನು ನಡುರಾತ್ರಿ ಮೇಲಿಂದ ಮೇಲೆ ಸಂದೇಶ ಬರಿಸಿದರೆ ನಿದ್ದೆಗಣ್ಣಿನಲ್ಲಿ ಯಾರೋ ಒಬ್ಬರು ಒತ್ತಿಬಿಡುತ್ತಾರೆ.

ಚಿಪ್ಪಿನ ಲೆಕ್ಕ ಬೇರೆ. ಅದರೊಳಗೆ ಹುಟ್ಟಿದ ಖಾಸಗಿ ಕೀಲಿ (ಸಹಿ ಮಾಡಲು ಬಳಸುವ ಗುಪ್ತ ಸಂಖ್ಯೆ) ಹೊರಗೆ ಬರುವುದೇ ಇಲ್ಲ. ಸರ್ವರ್ ಪ್ರತಿಸಲ ಹೊಸ ಸಂಖ್ಯೆಯೊಂದನ್ನು ಕಳಿಸುತ್ತದೆ. ಪಿನ್ ಹಾಕಿದ ಮೇಲೆ ಚಿಪ್ ಅದಕ್ಕೆ ಸಹಿ ಮಾಡಿ ಮರಳಿಸುತ್ತದೆ. ಇದೇ ರೀತಿ ಕೆಲಸ ಮಾಡುವ ಫಿಡೊ ಕೀಲಿಯಲ್ಲಿ (ಲಾಗಿನ್‌ಗೆ ಬಳಸುವ ಪುಟ್ಟ ಭದ್ರತಾ ಸಾಧನ) ಆ ಸಹಿಗೆ ಜಾಲತಾಣದ ವಿಳಾಸವೂ ಸೇರಿರುತ್ತದೆ. ವಿಳಾಸದಲ್ಲಿ ಒಂದಕ್ಷರ ಬೇರೆಯಾದರೂ ಆ ಸಹಿ ಅಸಲಿ ಸರ್ವರ್ ಮುಂದೆ ನಡೆಯುವುದಿಲ್ಲ.

ಕೆಡುವುದು ಅಂಚುಗಳಲ್ಲಿ. ಹೊರಗಿನಿಂದ ಕಚೇರಿಯ ಜಾಲಕ್ಕೆ ಸೇರಿಸುವ ವಿಪಿಎನ್‌ಗೆ ಕಾರ್ಡ್ ಕಡ್ಡಾಯ ಮಾಡಿ, ಐಮ್ಯಾಪ್, ಪಾಪ್‌ನಂಥ ಹಳೆಯ ಇಮೇಲ್ ದಾರಿಗಳನ್ನು ಬರೀ ಪಾಸ್‌ವರ್ಡಿಗೆ ತೆರೆದಿಟ್ಟಿರುತ್ತಾರೆ. ವಿಂಡೋಸ್ ಜಾಲದ ಖಾತೆಗಳನ್ನು ನಿರ್ವಹಿಸುವ ಆಕ್ಟಿವ್ ಡೈರೆಕ್ಟರಿಯಲ್ಲಿ ‘ಕಾರ್ಡ್ ಕಡ್ಡಾಯ’ ಎಂದು ಗುರುತು ಹಾಕಿದರೂ ಖಾತೆಯ ಹಿಂದೆ ಪಾಸ್‌ವರ್ಡ್ ಹ್ಯಾಶ್ (ಪಾಸ್‌ವರ್ಡಿನಿಂದ ಲೆಕ್ಕಹಾಕಿದ ಗುಪ್ತರೂಪ) ಒಂದು ಉಳಿದೇ ಇರುತ್ತದೆ; ಹಳೆಯ ಡೊಮೇನ್‌ಗಳಲ್ಲಿ (ಒಂದೇ ಆಡಳಿತದ ವಿಂಡೋಸ್ ಜಾಲಗಳಲ್ಲಿ) ಅದು ತಾನಾಗಿ ಬದಲಾಗುವುದಿಲ್ಲ. ಆ ಹ್ಯಾಶನ್ನು ಒಮ್ಮೆ ಕದ್ದವನಿಗೆ ಕಾರ್ಡೂ ಬೇಡ, ಪಿನ್ನೂ ಬೇಡ. ಡೊಮೇನನ್ನು ವಿಂಡೋಸ್ ಸರ್ವರ್ 2016ರ ಮಟ್ಟಕ್ಕೆ ಏರಿಸಿ, ಹ್ಯಾಶ್ ತಾನಾಗಿ ಬದಲಾಗುವ ಆಯ್ಕೆಯನ್ನು ಚಾಲೂ ಮಾಡಿಸಿ.

ರದ್ದಾದ ಕಾರ್ಡ್‌ಗಳನ್ನು ಸರ್ವರ್‌ಗಳಿಗೆ ತಿಳಿಸುವ ರದ್ದತಿ ಪಟ್ಟಿಯದು ಇನ್ನೊಂದು ತಲೆನೋವು. ಪಟ್ಟಿ ದಿನಕ್ಕೊಮ್ಮೆ ಹೊರಡುವುದಾದರೆ, ಬೆಳಿಗ್ಗೆ ಕೆಲಸದಿಂದ ತೆಗೆದವರ ಕಾರ್ಡ್ ರಾತ್ರಿಯವರೆಗೂ ನಡೆಯಬಹುದು. ಆದ್ದರಿಂದ ಖಾತೆಯನ್ನೂ ಅದೇ ಗಳಿಗೆಯಲ್ಲಿ ಮುಚ್ಚಬೇಕು. ಪಟ್ಟಿ ಸಿಗದಿದ್ದರೆ ‘ಇರಲಿ, ಒಳಗೆ ಬಿಡು’ ಎನ್ನುವ ಸಂರಚನೆ ರಕ್ಷಣಾ ಜಾಲದಲ್ಲಿ ಕೂಡದು.

ಇನ್ನು ಸಹಾಯವಾಣಿ. ಕಾರ್ಡ್ ಮನೆಯಲ್ಲೇ ಮರೆತವರಿಗೆ ಫೋನಿನಲ್ಲಿ ಜನ್ಮದಿನಾಂಕ ಕೇಳಿ ಪಾಸ್‌ವರ್ಡ್ ಕೊಟ್ಟರೆ ಇಡೀ ಯೋಜನೆ ಅಲ್ಲಿಗೆ ಮುಗಿಯಿತು. ಪ್ರತಿಯೊಬ್ಬರಿಗೂ ಮೊದಲ ದಿನವೇ ಎರಡು ಕಾರ್ಡ್ ಅಥವಾ ಕೀಲಿ ನೋಂದಾಯಿಸಿ, ಎರಡನೆಯದು ಬೀರುವಿನಲ್ಲಿರಲಿ. ಎರಡೂ ಕಳೆದರೆ ಮೇಲಧಿಕಾರಿಯ ಎದುರು ಮುಖತಃ ಗುರುತು ಪರಿಶೀಲನೆ ನಡೆಯಲಿ; ತಾತ್ಕಾಲಿಕ ಪ್ರವೇಶ ಒಂದೇ ದಿನಕ್ಕೆ.

ಮೊದಲು ಜಾಲವನ್ನು ನಿರ್ವಹಿಸುವ ಅಡ್ಮಿನ್ ಖಾತೆಗಳಿಂದ ಶುರು ಮಾಡಿ. ಅವು ಕಡಿಮೆ, ಆದರೆ ಇಡೀ ಜಾಲದ ಬೀಗ ಅವುಗಳ ಕೈಯಲ್ಲಿದೆ. ಆಮೇಲೆ ಹೊರಗಿನಿಂದ ಒಳಬರುವ ಎಲ್ಲ ದಾರಿಗಳು, ಗುತ್ತಿಗೆದಾರರು, ಕೊನೆಗೆ ಉಳಿದವರು. ಕಾರ್ಡ್ ಹಿಡಿಯಲಾಗದ ಸರ್ವಿಸ್ ಖಾತೆಗಳನ್ನು (ಮನುಷ್ಯರಲ್ಲ, ಪ್ರೋಗ್ರಾಂಗಳು ಬಳಸುವ ಖಾತೆಗಳನ್ನು) ಬೇರೆಯೇ ಪಟ್ಟಿ ಮಾಡಿಸಿ, ಒಂದೊಂದಕ್ಕೂ ಒಬ್ಬ ಹೊಣೆಗಾರ ಇರಲಿ.

ವಿನಾಯಿತಿ ಕೇಳಿ ಇಲಾಖೆಗಳು ಬಂದೇ ಬರುತ್ತವೆ, ಹಿರಿಯ ಅಧಿಕಾರಿಗಳು ಎಲ್ಲರಿಗಿಂತ ಮೊದಲು. ಕೊಡಲೇಬೇಕಾದರೆ 90 ದಿನಕ್ಕೆ ಮಾತ್ರ ಕೊಡಿ. ಕೊನೆಯ ದಿನ ಖಾತೆ ತಾನಾಗಿ ಮುಚ್ಚಿಕೊಳ್ಳಲಿ, ಪಟ್ಟಿ ಪ್ರತಿ ತಿಂಗಳು ನಿಮ್ಮ ಮೇಜಿಗೆ ಬರಲಿ.

ಇತಿ,
ಜಾಲ ಭದ್ರತೆಯ ಕೆಲಸದಲ್ಲಿರುವ ಕೆಲವರು