ಆನ್‌ಲೈನ್ ಪಾಠ: ಮೊದಲು ದನಿ ಸರಿಯಾಗಲಿ

ಮಾನ್ಯ ಸಂಪಾದಕರೇ,

2020ರಲ್ಲಿ ಕೋವಿಡ್‌ನಿಂದ ತರಗತಿಗಳು ಮುಚ್ಚಿದಾಗ ಅಧ್ಯಾಪಕರು ಕೈಗೆ ಸಿಕ್ಕ ಸಾಧನದಲ್ಲೇ ಪಾಠ ಮಾಡಿದರು. ಅದು ತುರ್ತು ಏರ್ಪಾಡು. ತರಗತಿ ತೆರೆದ ಮೇಲೂ ರೆಕಾರ್ಡ್ ಮಾಡಿದ ಪಾಠ, ಕೆಲವರು ಎದುರಿಗೆ ಕೆಲವರು ಪರದೆಯಾಚೆ ಇರುವ ಮಿಶ್ರ ತರಗತಿ ಉಳಿದುಕೊಂಡಿವೆ. ಅಧ್ಯಾಪಕರ ತರಬೇತಿ ಮಾತ್ರ ಯಾವ ಬಟನ್ ಎಲ್ಲಿದೆ ಎಂದು ತೋರಿಸುವುದರಲ್ಲೇ ಮುಗಿಯುತ್ತಿದೆ. ಪಾಠ ಹೆಚ್ಚಾಗಿ ಕೆಡುವುದು ದನಿಯಲ್ಲಿ.

ಚಿತ್ರ ಮಸುಕಾದರೆ ವಿದ್ಯಾರ್ಥಿಗಳು ಹೇಗೋ ಹೊಂದಿಕೊಳ್ಳುತ್ತಾರೆ. ಮಾತು ಕೇಳಿಸದಿದ್ದರೆ ಪಾಠವೇ ಇಲ್ಲ. ಲ್ಯಾಪ್‌ಟಾಪ್‌ನ ಮೈಕ್ ಬಾಯಿಂದ ಎರಡಡಿ ದೂರವಿರುತ್ತದೆ, ಬೋರ್ಡಿನತ್ತ ತಿರುಗಿದರೆ ಇನ್ನೂ ದೂರ. ಗೋಡೆಗೆ ಬಡಿದ ಪ್ರತಿಧ್ವನಿ, ಫ್ಯಾನಿನ ಸದ್ದು ಮಾತನ್ನು ನುಂಗುತ್ತವೆ. ಗದ್ದದಿಂದ ಗೇಣುದ್ದ ಕೆಳಗೆ ಕಾಲರ್ ಮೈಕ್ ಸಿಕ್ಕಿಸಿಕೊಂಡರೆ ತೊಂದರೆ ಬಹುಪಾಲು ತೀರುತ್ತದೆ. ಬಟ್ಟೆ ಉಜ್ಜಿದರೆ ಕರಕರ ಎನ್ನುತ್ತದೆ, ಅಷ್ಟು ನೋಡಿಕೊಳ್ಳಬೇಕು. ಮೈಕನ್ನು ಲ್ಯಾಪ್‌ಟಾಪ್‌ಗೆ ಚುಚ್ಚಿದ ಮಾತ್ರಕ್ಕೆ ಪಾಠದ ಆ್ಯಪ್ ಅದನ್ನೇ ಬಳಸುತ್ತದೆ ಎಂದೇನಿಲ್ಲ. ಉಗುರಿನಿಂದ ಮೈಕ್ ಮೇಲೆ ಮೆಲ್ಲಗೆ ತಟ್ಟಿ. ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ದನಿಯ ಮಟ್ಟ ತೋರಿಸುವ ಪಟ್ಟಿ ಜಿಗಿಯದಿದ್ದರೆ ಅದು ಇನ್ನೂ ಲ್ಯಾಪ್‌ಟಾಪ್‌ನ ಮೈಕನ್ನೇ ಹಿಡಿದುಕೊಂಡಿದೆ. ಒಂದು ನಿಮಿಷ ರೆಕಾರ್ಡ್ ಮಾಡಿ ಇಯರ್‌ಫೋನಿನಲ್ಲಿ ಕೇಳದೆ ಪಾಠ ಶುರು ಮಾಡಲೇಬಾರದು.

ಮಿಶ್ರ ತರಗತಿಯ ಕಷ್ಟ ಬೇರೆ. ಹಿಂದಿನ ಬೆಂಚಿನ ಪ್ರಶ್ನೆ ಕಾಲರ್ ಮೈಕಿಗೆ ಸಿಗುವುದಿಲ್ಲ. ಪರದೆಯಾಚೆಯವರಿಗೆ ಬರೀ ಉತ್ತರ ಕೇಳುತ್ತದೆ. ಪ್ರಶ್ನೆಯನ್ನು ತಾವೊಮ್ಮೆ ಹೇಳಿಯೇ ಉತ್ತರಿಸಬೇಕು. ಅದೇ ಕೋಣೆಯಲ್ಲಿ ಫೋನನ್ನು ಎರಡನೇ ಕ್ಯಾಮೆರಾ ಮಾಡಿಕೊಂಡಾಗ ಅದರ ಮೈಕ್ ಮ್ಯೂಟ್ ಮಾಡಿದರೆ ಸಾಲದು, ಸ್ಪೀಕರಿನ ದನಿಯನ್ನೂ ಪೂರ್ತಿ ನಿಲ್ಲಿಸಬೇಕು. ಇಲ್ಲದಿದ್ದರೆ ನಿಮ್ಮದೇ ಮಾತು ಅರೆಕ್ಷಣ ತಡವಾಗಿ ಫೋನಿನಿಂದ ಹೊರಟು ಮೊದಲ ಮೈಕಿಗೆ ಮರಳಿ ಸೇರುತ್ತದೆ. ಕಿವಿಗಡಚಿಕ್ಕುವ ಆ ಕೂಗು ಹುಟ್ಟುವುದು ಹೀಗೆ. ಬೋರ್ಡಿನ ಅಕ್ಷರ ತಿರುಗಿ ಕಂಡರೆ ಗಾಬರಿ ಬೇಡ; ಸಾಮಾನ್ಯವಾಗಿ ಆ ಕನ್ನಡಿ ನೋಟ ನಿಮಗೆ ಮಾತ್ರ.

ಇನ್ನು ಫೈಲಿನ ಗಾತ್ರ. ಸೆಕೆಂಡಿಗೆ 1.5 ಮೆಗಾಬಿಟ್‌ನ ವಿಡಿಯೋ ಒಂದು ಗಂಟೆಗೆ ಸುಮಾರು 675 ಎಂ.ಬಿ. ಆಗುತ್ತದೆ. ಅದೇ ಪಾಠದ ದನಿಯನ್ನಷ್ಟೇ ಸೆಕೆಂಡಿಗೆ 32 ಕಿಲೋಬಿಟ್‌ನ ಮೋನೊದಲ್ಲಿ (ಒಂದೇ ಚಾನೆಲ್‌ನ ದನಿಯಲ್ಲಿ) ಉಳಿಸಿದರೆ 15 ಎಂ.ಬಿ.ಯೊಳಗೆ ಮುಗಿಯುತ್ತದೆ. ಡೇಟಾ ಕಡಿಮೆಯಿರುವ ವಿದ್ಯಾರ್ಥಿಗೆ ಈ ಆಡಿಯೋ ಮತ್ತು ಸ್ಲೈಡುಗಳ ಪಿಡಿಎಫ್ ಸಿಕ್ಕರೆ ಪಾಠ ಸಿಕ್ಕಂತೆಯೇ. ಇವನ್ನು ವಿಡಿಯೋ ಜೊತೆಗೆ ತಪ್ಪದೆ ಹಾಕಬೇಕು. ಪಾಠವನ್ನು ಒಂದೊಂದು ಪರಿಕಲ್ಪನೆಗೆ ಎಂಟು ಹತ್ತು ನಿಮಿಷದಂತೆ ತುಂಡು ಮಾಡಿದರೆ, ತಪ್ಪಿದಾಗ ಆ ತುಂಡನ್ನಷ್ಟೇ ಮತ್ತೆ ರೆಕಾರ್ಡ್ ಮಾಡಿದರಾಯಿತು.

ಇದಕ್ಕೆಲ್ಲ ಸಮಯ ಬೇಕು. ಹತ್ತು ನಿಮಿಷದ ಒಳ್ಳೆಯ ರೆಕಾರ್ಡಿಂಗ್ ಹತ್ತು ನಿಮಿಷದಲ್ಲಿ ಆಗುವುದಿಲ್ಲ. ಆ ಗಂಟೆಗಳನ್ನು ವಿಶ್ವವಿದ್ಯಾಲಯಗಳು ಅಧ್ಯಾಪಕರ ಕಾರ್ಯಭಾರದಲ್ಲಿ ಲೆಕ್ಕ ಹಿಡಿಯಬೇಕು. ತರಬೇತಿಯಲ್ಲಿ ಪ್ರತಿಯೊಬ್ಬರೂ ತಮ್ಮ ಪಾಠವನ್ನು ಸಾಧಾರಣ ಫೋನಿನಲ್ಲಿ, ವೈಫೈ ಆರಿಸಿ, ಮೊಬೈಲ್ ಡೇಟಾದಲ್ಲಿ ಒಮ್ಮೆ ಪೂರ್ತಿ ಕೇಳುವಂತಾಗಬೇಕು.

– ಕೆಲವು ಅಧ್ಯಾಪಕರು